ಬಾಣಂತಿಯ ರಕ್ತವನ್ನು ಅಳೆಯಿರಿ

ಮಗು ಅತ್ತಿತೆಂದರೆ ಹೆರಿಗೆ ಮುಗಿಯಿತು ಎಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಹೊರಗೆ ಕಾದಿದ್ದ ಅಜ್ಜಿ ಗಂಡೋ ಹೆಣ್ಣೋ ಎಂದು ಕೇಳುತ್ತಾಳೆ, ಗಂಡ ಊರಿಗೆ ಫೋನ್ ಹಚ್ಚುತ್ತಾನೆ, ಯಾರೋ ಸಕ್ಕರೆ ತರಲು ಓಡುತ್ತಾರೆ. ಒಳಗಿರುವ ಸಿಸ್ಟರ್ ಮಗುವನ್ನು ಒರೆಸಬೇಕು, ತೂಕ ಹಾಕಬೇಕು, ಬೆಚ್ಚಗೆ ಸುತ್ತಬೇಕು, ಪುಸ್ತಕದಲ್ಲಿ ಸಮಯ ಬರೆಯಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ರಾತ್ರಿ ಪಾಳಿಯಲ್ಲಿ ಇಷ್ಟಕ್ಕೂ ಒಬ್ಬಳೇ ಇರುತ್ತಾಳೆ. ಹೆರಿಗೆ ಮೇಜಿನ ಮೇಲೆ ಮಲಗಿರುವ ತಾಯಿ ಆ ಹೊತ್ತಿಗೆ ಎಲ್ಲರ ಗಮನದಿಂದ ಜಾರಿಹೋಗಿರುತ್ತಾಳೆ. ಆಕೆಯ ಪ್ರಾಣಕ್ಕೆ ಅತಿ ದೊಡ್ಡ ಗಂಡಾಂತರ ಶುರುವಾಗುವುದೇ ಆ ಹೊತ್ತಿನಲ್ಲಿ.

ಜಗತ್ತಿನಲ್ಲಿ ಬಾಣಂತಿಯರ ಸಾವಿಗೆ ಮೊದಲ ಕಾರಣ ರಕ್ತಸ್ರಾವ. ಪ್ರತಿ ವರ್ಷ ಸುಮಾರು 1.4 ಕೋಟಿ ಹೆಣ್ಣುಮಕ್ಕಳಿಗೆ ಹೆರಿಗೆಯ ನಂತರ ಅತಿಯಾಗಿ ರಕ್ತ ಹೋಗುತ್ತದೆ, ಸುಮಾರು 70 ಸಾವಿರ ಮಂದಿ ಅದರಿಂದಲೇ ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಗಟ್ಟಿಮುಟ್ಟಾದ ಹೆಣ್ಣುಮಗಳು ಕೂಡ ಚಿಕಿತ್ಸೆ ಸಿಗದಿದ್ದರೆ ಎರಡು ಗಂಟೆಯೊಳಗೆ ಹೋಗಿಬಿಡಬಹುದು. ಇಷ್ಟು ಬೇಗ ಕೊಲ್ಲುವ ಕಾಯಿಲೆಗಳು ಕಡಿಮೆ. ಇಷ್ಟು ಸರಳವಾಗಿ ತಡೆಯಬಹುದಾದವು ಅದಕ್ಕಿಂತ ಕಡಿಮೆ. ಅದಕ್ಕಾಗಿಯೇ ಹಳ್ಳಿಗಾಡಿನ ತಾಯಿ-ಮಕ್ಕಳ ಆರೋಗ್ಯದ ಬಗ್ಗೆ ಬರೆಯುವಾಗ ಎಲ್ಲವನ್ನೂ ಮುಟ್ಟುವ ಬದಲು ಈ ಎರಡು ಗಂಟೆಯ ಮೇಲೆಯೇ ನಿಲ್ಲಬೇಕು ಎನಿಸುತ್ತದೆ. ಒಂದು ಊರಿನ ಆರೋಗ್ಯ ವ್ಯವಸ್ಥೆ ಎಷ್ಟು ಗಟ್ಟಿ, ಎಷ್ಟು ಪೊಳ್ಳು ಎಂಬುದು ಅಲ್ಲಿ ಬಯಲಾಗುತ್ತದೆ.

ತುಂಬಿದ ಬಸುರಿಯಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿದುಬರುತ್ತದೆ. ಒಂಬತ್ತು ತಿಂಗಳು ಮಗುವನ್ನು ಸಾಕಿದ್ದು ಆ ಹರಿವೇ. ಮಗು ಹೊರಬಂದು, ಹಿಂದೆಯೇ ಮಾಸು ಕಳಚಿಕೊಂಡಾಗ, ಅದು ಅಂಟಿಕೊಂಡಿದ್ದ ಜಾಗದ ರಕ್ತನಾಳಗಳೆಲ್ಲ ಬಾಯಿ ತೆರೆದುಕೊಳ್ಳುತ್ತವೆ. ಅವನ್ನು ಮುಚ್ಚಲು ದೇಹ ಮಾಡಿಕೊಂಡಿರುವ ಉಪಾಯ ಒಂದೇ: ಗರ್ಭಕೋಶ ಬಿಗಿಯಾಗಿ ಮುದುಡಬೇಕು. ಎಲೆಯಡಿಕೆ ಸಂಚಿಯ ದಾರ ಜಗ್ಗಿದರೆ ಬಾಯಿ ಮುಚ್ಚಿಕೊಳ್ಳುವಂತೆ, ಅಡ್ಡಡ್ಡ ಹೆಣೆದುಕೊಂಡಿರುವ ಸ್ನಾಯುಗಳು ಬಿಗಿಯಾದಾಗ ನಡುವೆ ಹಾದುಹೋಗುವ ನಾಳಗಳು ಅಮುಕಿಕೊಂಡು ರಕ್ತ ನಿಲ್ಲುತ್ತದೆ. ಗರ್ಭಕೋಶ ಸಡಿಲಾಗಿಯೇ ಉಳಿದರೆ ರಕ್ತ ಹರಿಯುತ್ತಲೇ ಇರುತ್ತದೆ. ಹೆರಿಗೆಯ ನಂತರದ ರಕ್ತಸ್ರಾವದಲ್ಲಿ ಹತ್ತಕ್ಕೆ ಏಳರಷ್ಟು ಹೀಗೆ ಆಗುವಂಥವು. ಉಳಿದವು ಹರಿದ ಗಾಯ, ಒಳಗೆ ಉಳಿದ ಮಾಸಿನ ಚೂರು, ಅಪರೂಪಕ್ಕೆ ರಕ್ತ ಹೆಪ್ಪುಗಟ್ಟದ ತೊಂದರೆ.

ಸಾಮಾನ್ಯ ಹೆರಿಗೆಯಲ್ಲಿ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋದರೆ ಅದು ಅಪಾಯ, ಒಂದು ಲೀಟರು ದಾಟಿದರೆ ಭಾರಿ ಅಪಾಯ ಎಂದು ಪುಸ್ತಕಗಳು ಹೇಳುತ್ತವೆ. ಆದರೆ ಅರ್ಧ ಲೀಟರು ಆಯಿತು ಎಂದು ತಿಳಿಯುವುದು ಹೇಗೆ? ರಕ್ತ ಹಳೆ ಸೀರೆಯ ತುಂಡಿಗೆ ಇಳಿದಿರುತ್ತದೆ, ಹತ್ತಿಯಲ್ಲಿ ಹಿಂಗಿರುತ್ತದೆ, ಮೇಜಿನ ಕೆಳಗಿನ ಬಕೆಟ್ಟಿನಲ್ಲಿ ನೀರಿನೊಂದಿಗೆ ಬೆರೆತಿರುತ್ತದೆ. ದೊಡ್ಡದಾಗಿ ಧುಮುಕುವ ರಕ್ತವಾದರೆ ಯಾರಾದರೂ ಕೂಗುತ್ತಾರೆ. ಸಣ್ಣಗೆ, ಎಡೆಬಿಡದೆ ಹೋಗುವ ರಕ್ತವೇ ಮೋಸ ಮಾಡುವುದು. ನಿಮಿಷಕ್ಕೆ ಹತ್ತು ಮಿಲಿಲೀಟರು ಎಂದರೆ ಎರಡು ಟೀ ಚಮಚ. ಕಣ್ಣಿಗೆ ಏನೂ ಅಲ್ಲ. ಒಂದು ಗಂಟೆಗೆ ಅದೇ 600 ಮಿಲಿಲೀಟರು. ಜೊತೆಗೆ ಹರೆಯದ ದೇಹ ತನ್ನ ನಷ್ಟವನ್ನು ಬಹಳ ಹೊತ್ತು ಮುಚ್ಚಿಡುತ್ತದೆ. ನಾಡಿ ಓಡುತ್ತದೆ, ಕೈಕಾಲು ತಣ್ಣಗಾಗುತ್ತವೆ, ಆದರೂ ಬಿಪಿ ಸರಿಯಾಗಿಯೇ ತೋರಿಸುತ್ತಿರುತ್ತದೆ. ಬಿಪಿ ಕುಸಿಯುವ ಹೊತ್ತಿಗೆ ಲೀಟರುಗಟ್ಟಲೆ ರಕ್ತ ಹೋಗಿರುತ್ತದೆ. ಆಮೇಲೆ ಓಡಾಟ ಶುರುವಾಗುತ್ತದೆ: ಆಂಬುಲೆನ್ಸ್ ಕರೆಯಿರಿ, ಮೇಲಿನ ಆಸ್ಪತ್ರೆಗೆ ಒಯ್ಯಿರಿ, ರಕ್ತ ಕೊಡುವವರನ್ನು ಹುಡುಕಿರಿ.

ಈ ಸಮಸ್ಯೆಗೆ ಜಗತ್ತು ಇಂದು ಒಪ್ಪಿಕೊಂಡಿರುವ ಉತ್ತರದ ದೊಡ್ಡ ಪಾಲು ನಮ್ಮ ಬೆಳಗಾವಿ ಜಿಲ್ಲೆಯಿಂದ ಹೋಯಿತು. ಇದು ಕನ್ನಡಿಗರಲ್ಲಿ ಹೆಚ್ಚು ಮಂದಿಗೆ ತಿಳಿದಿಲ್ಲ, ತಿಳಿಯಬೇಕಿತ್ತು.

2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನವರೆಗೆ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು, ಅಮೆರಿಕದ ಎರಡು ವಿಶ್ವವಿದ್ಯಾಲಯಗಳ ಸಂಶೋಧಕರ ಜೊತೆಗೂಡಿ, ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ನಡೆಸಿದರು. ಡಾ. ಬಿ.ಎಸ್. ಕೊಡ್ಕಣಿ, ಡಾ. ಶಿವಪ್ರಸಾದ ಗೌಡರ, ರಿಚರ್ಡ್ ಡರ್ಮನ್, ಸ್ಟೇಸಿ ಗೆಲ್ಲರ್ ಅವರೆಲ್ಲ ಅದರಲ್ಲಿದ್ದರು. ಆದರೆ ಕೆಲಸ ಮಾಡಿದವರು 25 ಮಂದಿ ಎಎನ್‌ಎಂಗಳು, ಅಂದರೆ ಊರವರು ಸಿಸ್ಟರ್ ಎಂದು ಕರೆಯುವ ಕಿರಿಯ ಆರೋಗ್ಯ ಸಹಾಯಕಿಯರು. ಹೆರಿಗೆ ಮನೆಯಲ್ಲೋ ಉಪಕೇಂದ್ರದಲ್ಲೋ ಆಗುತ್ತಿದ್ದ ಕಾಲ. ಡಾಕ್ಟರು ಇಲ್ಲ, ಫ್ರಿಜ್ ಇಲ್ಲ, ರಕ್ತ ನಿಲ್ಲಿಸುವ ಇಂಜೆಕ್ಷನ್ ಆ ಎಎನ್‌ಎಂಗಳ ಕೈಯಲ್ಲಿ ವಾಡಿಕೆಯಾಗಿ ಇರುತ್ತಿರಲಿಲ್ಲ. ಅಂಥ ಕಡೆ ಮಿಸೊಪ್ರೊಸ್ಟಾಲ್ ಎಂಬ ಗುಳಿಗೆ ಕೆಲಸ ಮಾಡೀತೇ ಎಂಬುದು ಪ್ರಶ್ನೆ. ಅದು ಮೂಲತಃ ಹೊಟ್ಟೆಹುಣ್ಣಿಗೆಂದು ಬಂದ ಔಷಧಿ. ಗರ್ಭಕೋಶವನ್ನು ಬಿಗಿಗೊಳಿಸುವ ಗುಣವೂ ಅದಕ್ಕಿದೆ. ನುಂಗಿದರೆ ಸಾಕು, ಸೂಜಿ ಬೇಡ, ಐಸ್ ಬೇಡ.

1620 ಹೆಣ್ಣುಮಕ್ಕಳು ಒಪ್ಪಿ ಸೇರಿಕೊಂಡರು. ಮಗು ಹುಟ್ಟಿದ ಕೂಡಲೇ 812 ಮಂದಿಗೆ ನಿಜವಾದ ಗುಳಿಗೆ, 808 ಮಂದಿಗೆ ಅದರಂತೆಯೇ ಕಾಣುವ, ಔಷಧಿಯಿಲ್ಲದ ಗುಳಿಗೆ. ಯಾರಿಗೆ ಯಾವುದು ಎಂಬುದು ಕೊಟ್ಟ ಸಿಸ್ಟರಿಗೂ ಗೊತ್ತಿರಲಿಲ್ಲ. ಔಷಧಿ ಸಿಗದವರಲ್ಲಿ ನೂರಕ್ಕೆ 12 ಮಂದಿಗೆ ಅತಿಯಾದ ರಕ್ತಸ್ರಾವವಾಯಿತು, ಸಿಕ್ಕವರಲ್ಲಿ 6.4 ಮಂದಿಗೆ. ಒಂದು ಲೀಟರು ದಾಟುವ ಭಾರಿ ರಕ್ತಸ್ರಾವ ನೂರಕ್ಕೆ 1.2ರಿಂದ 0.2ಕ್ಕೆ ಇಳಿಯಿತು. 18 ಮಂದಿಗೆ ಗುಳಿಗೆ ಕೊಟ್ಟರೆ ಒಬ್ಬಳ ರಕ್ತಸ್ರಾವ ತಪ್ಪುತ್ತದೆ ಎಂಬ ಲೆಕ್ಕ ಹೊರಬಿತ್ತು. ಸ್ವಲ್ಪ ಚಳಿ, ನಡುಕ, ಜ್ವರ ಬಂದವು, ಹೋದವು. 2006ರ ಅಕ್ಟೋಬರಿನಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರಕ್ತಸ್ರಾವ ತಡೆಯುವ ಔಷಧಿಯಾಗಿ ಮಿಸೊಪ್ರೊಸ್ಟಾಲನ್ನು ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಇಂಜೆಕ್ಷನ್ ಸಿಗುವ ಕಡೆ ಇಂಜೆಕ್ಷನ್ನೇ ಮೇಲು, ಸಿಗದ ಕಡೆ ಈ ಗುಳಿಗೆ ಪ್ರಾಣ ಉಳಿಸುತ್ತದೆ ಎಂಬುದು ಇಂದಿನ ತಿಳಿವಳಿಕೆ. ಬರಿಯ ಗುಳಿಗೆ ನುಂಗಿದ ಆ 808 ಮಂದಿಯನ್ನೂ ಇಲ್ಲಿ ನೆನೆಯಬೇಕು. ಅವರು ಒಪ್ಪದಿದ್ದರೆ ಈ ಉತ್ತರ ಯಾರಿಗೂ ಸಿಗುತ್ತಿರಲಿಲ್ಲ. ಅವರ ಋಣ ಜಗತ್ತಿನ ಮೇಲಿದೆ.

ನನಗೆ ಗುಳಿಗೆಗಿಂತಲೂ ದೊಡ್ಡದಾಗಿ ಕಾಣುವುದು ಅದೇ ಅಧ್ಯಯನಕ್ಕೆಂದು ಹುಟ್ಟಿದ ಒಂದು ಪ್ಲಾಸ್ಟಿಕ್ ಹಾಳೆ. ರಕ್ತ ಎಷ್ಟು ಹೋಯಿತು ಎಂದು ನಂಬಿಕೆಯಿಂದ ಹೇಳಲಾಗದಿದ್ದರೆ ಅಧ್ಯಯನಕ್ಕೆ ಅರ್ಥವೇ ಇರಲಿಲ್ಲ. ಅದಕ್ಕಾಗಿ ತಂಡ ಒಂದು ಹಾಳೆ ರೂಪಿಸಿತು. ಮಗು ಹುಟ್ಟಿದ ಮೇಲೆ ಅದನ್ನು ತಾಯಿಯ ಸೊಂಟದ ಕೆಳಗೆ ಹಾಸಿ, ಎರಡು ಪಟ್ಟಿಗಳನ್ನು ಹೊಟ್ಟೆಗೆ ಕಟ್ಟುತ್ತಾರೆ. ಹಾಳೆಯ ಕೆಳತುದಿ ಆಲಿಕೆಯ ಹಾಗೆ ಕಿರಿದಾಗುತ್ತಾ ಚೀಲವಾಗುತ್ತದೆ. ಚೀಲದ ಮೇಲೆ ಅಳತೆಯ ಗೀರುಗಳಿವೆ. ರಕ್ತ ಅದರೊಳಗೆ ಇಳಿಯುತ್ತದೆ. ಎಷ್ಟಾಯಿತು ಎಂದು ಗೀರು ನೋಡಿ ಓದಿಕೊಳ್ಳಬಹುದು. ರೂಪಿಸಿದವರ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿ ಅದಕ್ಕೆ ಬ್ರಾಸ್-ವಿ ಡ್ರೇಪ್ ಎಂದು ಹೆಸರಿಟ್ಟರು. ಕಣ್ಣಳತೆಗೂ ಈ ಹಾಳೆಯ ಅಳತೆಗೂ ಇರುವ ವ್ಯತ್ಯಾಸವನ್ನು ಬೆಳಗಾವಿಯಲ್ಲೇ ಪರೀಕ್ಷಿಸಿದಾಗ, ಕಣ್ಣಳತೆ ಮೂರನೇ ಒಂದು ಪಾಲು ಕಡಿಮೆ ಹೇಳುತ್ತಿತ್ತು. ಅನುಭವ ಇರುವವರ ಕಣ್ಣೇ ಹೀಗೆ ತಪ್ಪುವಾಗ, ಕಣ್ಣನ್ನು ನೆಚ್ಚಿಕೊಂಡು ಎಷ್ಟು ಜೀವ ಕಳೆದುಕೊಂಡಿದ್ದೇವೋ.

ಈ ಉಪಾಯ ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೆ ಒಳಗಾದದ್ದು ಆಫ್ರಿಕಾದಲ್ಲಿ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ, 2 ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ನಡೆದ ಇ-ಮೋಟಿವ್ ಅಧ್ಯಯನದ ಫಲಿತಾಂಶ 2023ರಲ್ಲಿ ಬಂತು. ಅಲ್ಲಿ ಮಾಡಿದ್ದಿಷ್ಟು. ಅಳತೆಯ ಹಾಳೆ ಹಾಸಿ ರಕ್ತ ಅಳೆದರು. ಗೀರು ದಾಟಿದ ಕೂಡಲೇ ಒಂದಾದ ಮೇಲೆ ಒಂದರಂತೆ ಕಾಯದೆ, ಎಲ್ಲವನ್ನೂ ಒಟ್ಟಿಗೇ ಮಾಡಿದರು: ಹೊಟ್ಟೆ ನೀವಿ ಗರ್ಭಕೋಶ ಬಿಗಿಗೊಳಿಸುವುದು, ಅದಕ್ಕೆ ಔಷಧಿ, ರಕ್ತ ಹೆಪ್ಪು ಉಳಿಸುವ ಟ್ರಾನೆಕ್ಸಾಮಿಕ್ ಆಸಿಡ್, ನಾಳದ ಮೂಲಕ ಸಲೈನ್, ಗಾಯ ಇದೆಯೇ ಎಂಬ ಪರೀಕ್ಷೆ. ಭಾರಿ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಸಾವು, ಈ ಮೂರರಲ್ಲಿ ಒಂದು ಆಗುವ ಪ್ರಮಾಣ ನೂರಕ್ಕೆ 4.3ರಿಂದ 1.6ಕ್ಕೆ ಇಳಿಯಿತು. ಹಳೆಯ ಪದ್ಧತಿಯಲ್ಲಿ ರಕ್ತಸ್ರಾವವಾದವರಲ್ಲಿ ಅರ್ಧದಷ್ಟು ಮಂದಿಯನ್ನು ಮಾತ್ರ ಗುರುತಿಸುತ್ತಿದ್ದರು, ಹಾಳೆ ಬಂದ ಮೇಲೆ ನೂರಕ್ಕೆ 93 ಮಂದಿಯನ್ನು. ಔಷಧಿಗಳು ಹಳೆಯವೇ. ಬದಲಾದದ್ದು ನೋಡುವ ರೀತಿ ಮತ್ತು ಕೈಹಾಕುವ ವೇಗ. ಅರ್ಧ ಲೀಟರು ಆಗುವವರೆಗೂ ಕಾಯಬೇಡಿ, 300 ಮಿಲಿಲೀಟರು ಹೋಗಿ ನಾಡಿ, ಬಿಪಿಗಳಲ್ಲಿ ಏರುಪೇರು ಕಂಡರೂ ಸಾಕು, ಚಿಕಿತ್ಸೆ ಶುರು ಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೇಳಿದೆ.

ಅಳತೆಯ ಹಾಳೆಯಿಂದ ಇನ್ನೊಂದು ಲಾಭವಿದೆ, ಅದು ಯಾವ ಅಧ್ಯಯನದ ಕೋಷ್ಟಕದಲ್ಲೂ ಕಾಣುವುದಿಲ್ಲ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ರಾತ್ರಿ ಎರಡು ಗಂಟೆಗೆ ತಾಲ್ಲೂಕು ಕೇಂದ್ರದಲ್ಲಿರುವ ಡಾಕ್ಟರಿಗೆ ಫೋನ್ ಮಾಡಿ, 'ಸಾರ್, ಬ್ಲೀಡಿಂಗ್ ಜಾಸ್ತಿ ಐತಿ ಅನ್ನಿಸ್ತದ' ಎಂದರೆ, ಆ ಕಡೆಯಿಂದ ಬರುವ ಮೊದಲ ಪ್ರಶ್ನೆ 'ಎಷ್ಟು ಜಾಸ್ತಿ?' ಅದಕ್ಕೆ ಆಕೆಯ ಬಳಿ ಉತ್ತರ ಇರುವುದಿಲ್ಲ. ಅನ್ನಿಸುವುದನ್ನು ನಂಬಿ ಯಾರೂ ಹಾಸಿಗೆ ಬಿಟ್ಟೇಳುವುದಿಲ್ಲ. 'ಸಾರ್, ನಾನೂರು ದಾಟಿದೆ, ನಾಡಿ ನೂರಿಪ್ಪತ್ತು' ಎಂದರೆ ಮಾತಿನ ತೂಕವೇ ಬೇರೆ. ಅದನ್ನು ಕೇಳಿಯೂ ಸುಮ್ಮನಿದ್ದ ಡಾಕ್ಟರು ನಾಳೆ ಉತ್ತರ ಕೊಡಬೇಕಾಗುತ್ತದೆ. ಅಧಿಕಾರ ಇಲ್ಲದವಳ ಕೈಗೆ ಒಂದು ಸಂಖ್ಯೆ ಕೊಟ್ಟರೆ ಆಕೆಯ ಮಾತು ನಡೆಯುತ್ತದೆ. ಸರ್ಕಾರಿ ವ್ಯವಸ್ಥೆಯ ಅತಿ ಕೆಳಗಿನ ಮೆಟ್ಟಿಲಿನಲ್ಲಿ ನಿಂತ ಹೆಣ್ಣುಮಗಳೇ ಹಳ್ಳಿಯ ಬಡ ತಾಯಿಯ ಪಾಲಿಗೆ ಇಡೀ ಆರೋಗ್ಯ ಇಲಾಖೆ. ಆಕೆಯನ್ನು ಬಲಪಡಿಸದೆ ಕಟ್ಟಡ ಎಷ್ಟು ಕಟ್ಟಿದರೂ ಪ್ರಯೋಜನ ಇಲ್ಲ.

ಕಟ್ಟಡ ಮತ್ತು ಯೋಜನೆಗಳ ವಿಷಯದಲ್ಲಿ ಕರ್ನಾಟಕ ಸೋತಿಲ್ಲ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ನೂರು ಹೆರಿಗೆಗಳಲ್ಲಿ 65 ಆಸ್ಪತ್ರೆಯಲ್ಲಿ ಆಗುತ್ತಿದ್ದವು, 2019-21ರಲ್ಲಿ 97. ಜನನಿ ಸುರಕ್ಷಾ ಯೋಜನೆ, ಮಡಿಲು ಕಿಟ್, ತಾಯಿ ಕಾರ್ಡ್, 2008ರ ರಾಜ್ಯೋತ್ಸವದಂದು ಶುರುವಾದ 108 ಆಂಬುಲೆನ್ಸ್, ಎಲ್ಲಕ್ಕಿಂತ ಹೆಚ್ಚಾಗಿ ಮನೆಮನೆಗೆ ತಿರುಗಿದ ಆಶಾ ಕಾರ್ಯಕರ್ತೆಯರು ಇದನ್ನು ಸಾಧಿಸಿದರು. ತಾಯಂದಿರ ಸಾವಿನ ಪ್ರಮಾಣ ಒಂದು ಲಕ್ಷ ಜನನಕ್ಕೆ 2001-03ರಲ್ಲಿ 228 ಇದ್ದದ್ದು 2018-20ಕ್ಕೆ 69ಕ್ಕೆ ಇಳಿಯಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಅದೇ 2018-20ರ ಲೆಕ್ಕದಲ್ಲಿ ಕೇರಳದ್ದು 19, ತೆಲಂಗಾಣದ್ದು 43, ಆಂಧ್ರದ್ದು 45, ತಮಿಳುನಾಡಿನದ್ದು 54. ದಕ್ಷಿಣದ ಐದು ರಾಜ್ಯಗಳಲ್ಲಿ ಕೊನೆಯವರು ನಾವು. ಆ ಲೆಕ್ಕದಂತೆ ನಮ್ಮಲ್ಲಿ ವರ್ಷಕ್ಕೆ ಐನೂರಕ್ಕೂ ಹೆಚ್ಚು ತಾಯಂದಿರು ಸಾಯುತ್ತಿದ್ದರು.

ಹೆಚ್ಚೂಕಡಿಮೆ ಎಲ್ಲರೂ ಆಸ್ಪತ್ರೆಗೆ ಬರುತ್ತಿದ್ದಾರೆ ಎಂದಾದರೆ, ಸಾವು ಈಗ ಆಸ್ಪತ್ರೆಗೆ ಬಂದ ಮೇಲೆ, ಇಲ್ಲವೇ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಆಗುತ್ತಿದೆ ಎಂದೇ ಅರ್ಥ. 1994ರಲ್ಲಿ ಸೆರೀನ್ ಥಾಡಿಯಸ್ ಮತ್ತು ಡೆಬೊರಾ ಮೇನ್ ಎಂಬ ಇಬ್ಬರು ಸಂಶೋಧಕಿಯರು ತಾಯಂದಿರ ಸಾವಿನ ಹಿಂದೆ ಮೂರು ವಿಳಂಬಗಳಿವೆ ಎಂದು ವಿವರಿಸಿದ್ದರು: ಹೋಗಬೇಕೆಂದು ತೀರ್ಮಾನಿಸುವಲ್ಲಿ, ತಲುಪುವಲ್ಲಿ, ತಲುಪಿದ ಮೇಲೆ ಚಿಕಿತ್ಸೆ ಸಿಗುವಲ್ಲಿ. ಮೊದಲನೆಯದನ್ನು ನಾವು ಬಹುಮಟ್ಟಿಗೆ ಗೆದ್ದೆವು. ಸೂಲಗಿತ್ತಿಯ ಕೈ ಬಿಟ್ಟು ಸರ್ಕಾರದ ಕೈ ಹಿಡಿಯಿರಿ ಎಂದು ಹಳ್ಳಿಯ ಹೆಣ್ಣುಮಕ್ಕಳಿಗೆ ಹೇಳಿದೆವು, ಅವರು ನಂಬಿದರು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಅಂಥವರ ಕೈಗುಣದ ಬಗ್ಗೆ ಗೌರವ ಇಟ್ಟುಕೊಂಡೇ ಆಸ್ಪತ್ರೆ ಬೇಕು ಎನ್ನುವುದಕ್ಕೆ ಇದ್ದ ದೊಡ್ಡ ಕಾರಣ ಈ ರಕ್ತಸ್ರಾವವೇ. ಕೈಗುಣ ಎಷ್ಟಿದ್ದರೂ ಔಷಧಿ, ರಕ್ತ ಇಲ್ಲದೆ ಅದನ್ನು ನಿಲ್ಲಿಸುವುದು ಕಷ್ಟ. ಆಸ್ಪತ್ರೆಗೆ ಬಂದ ಮೇಲೂ ಔಷಧಿ, ರಕ್ತ ಸಿಗದಿದ್ದರೆ ನಾವು ಕೊಟ್ಟ ಮಾತಿಗೆ ತಪ್ಪಿದ ಹಾಗೆ.

ತಪ್ಪುವುದು ಬಹಳ ಸಣ್ಣ ಸಣ್ಣ ಕಡೆಗಳಲ್ಲಿ. ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ ಕೊಡಬೇಕಾದ ಆಕ್ಸಿಟೋಸಿನ್ ಇಂಜೆಕ್ಷನ್ 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕು. ರಾಯಚೂರು, ಯಾದಗಿರಿ ಕಡೆಯ ಬೇಸಿಗೆಯಲ್ಲಿ ಹಗಲಿನ ಶಾಖ 40 ಡಿಗ್ರಿ ದಾಟುತ್ತದೆ. ಕರೆಂಟು ಹೋದ ಮಧ್ಯಾಹ್ನ, ಮೇಜಿನ ಮೇಲೆ ಟ್ರೇಯಲ್ಲಿ ಇಟ್ಟ ಔಷಧಿ ನೋಡಲು ಹಾಗೆಯೇ ಇರುತ್ತದೆ, ಒಳಗಿನ ಶಕ್ತಿ ಇಳಿದುಹೋಗಿರುತ್ತದೆ. ಸಿಸ್ಟರ್ ಇಂಜೆಕ್ಷನ್ ಕೊಟ್ಟಿದ್ದಾಳೆ, ದಾಖಲೆಯೂ ಇದೆ, ಆದರೂ ಗರ್ಭಕೋಶ ಬಿಗಿಯುವುದಿಲ್ಲ. ಶಾಖ ತಡೆಯುವ ಕಾರ್ಬೆಟೋಸಿನ್ ಎಂಬ ಔಷಧಿ ಆಕ್ಸಿಟೋಸಿನ್‌ನಷ್ಟೇ ಕೆಲಸ ಮಾಡುತ್ತದೆ ಎಂದು ಭಾರತವೂ ಸೇರಿದಂತೆ ಹತ್ತು ದೇಶಗಳಲ್ಲಿ ನಡೆದ ಅಧ್ಯಯನ 2018ರಲ್ಲೇ ತೋರಿಸಿತು. ಕಲ್ಯಾಣ ಕರ್ನಾಟಕದ ಪ್ರತಿ ಹೆರಿಗೆ ಕೋಣೆಗೂ ಅದು ಮೊದಲು ಬರಬೇಕು. ಟ್ರಾನೆಕ್ಸಾಮಿಕ್ ಆಸಿಡ್ ಕೂಡ ಹಾಗೆಯೇ: ಹೆರಿಗೆಯಾದ ಮೂರು ಗಂಟೆಯೊಳಗೆ ಕೊಟ್ಟರೆ ರಕ್ತಸ್ರಾವದ ಸಾವು ಮೂರನೇ ಒಂದು ಭಾಗದಷ್ಟು ತಗ್ಗುತ್ತದೆ ಎಂದು 20 ಸಾವಿರ ಹೆಣ್ಣುಮಕ್ಕಳಲ್ಲಿ ನಡೆದ ಅಧ್ಯಯನ 2017ರಲ್ಲಿ ಹೇಳಿತು. ಮೂರು ಗಂಟೆ ದಾಟಿದರೆ ಪ್ರಯೋಜನ ಇಲ್ಲ. ಅಂದರೆ ಅದು ಜಿಲ್ಲಾಸ್ಪತ್ರೆಯ ಬೀರುವಿನಲ್ಲಿದ್ದು ಫಲವಿಲ್ಲ, ಹೆರಿಗೆ ಮೇಜಿನ ಪಕ್ಕದಲ್ಲೇ ಇರಬೇಕು.

ಮತ್ತೆ ರಕ್ತದ್ದೇ ಮಾತು. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ಸಂಗ್ರಹ ಘಟಕ ಇರಬೇಕೆಂಬುದು ನಿಯಮ. ಬೋರ್ಡು ಇದ್ದ ಕಡೆಯೆಲ್ಲ ರಕ್ತ ಇರುವುದಿಲ್ಲ. ರಕ್ತ ಇದ್ದರೂ ಅದು ತಾಯಿಯ ರಕ್ತಕ್ಕೆ ಹೊಂದುತ್ತದೆಯೇ ಎಂದು ರಾತ್ರಿ ಪರೀಕ್ಷಿಸುವ (ಕ್ರಾಸ್‌ಮ್ಯಾಚ್) ಟೆಕ್ನಿಷಿಯನ್ ಇರುವುದಿಲ್ಲ. ಬಾಣಂತಿಯನ್ನು ಹೊತ್ತು ಬಂದ ಗಂಡನಿಗೆ 'ರಕ್ತ ಹೊಂದಿಸಿ' ಎಂದು ಚೀಟಿ ಕೊಡುತ್ತಾರೆ. ಆ ಊರಿನಲ್ಲಿ ಅವನಿಗೆ ಯಾರೂ ಗೊತ್ತಿಲ್ಲ. ಅವನ ಕಡೆಯವರಿಗೆ ರಕ್ತ ಕೊಟ್ಟರೆ ಶಕ್ತಿ ಹೋಗುತ್ತದೆ, ದುಡಿಯಲಾಗುವುದಿಲ್ಲ ಎಂಬ ಭಯ. ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಮೆಡಿಕಲ್ ಕಾಲೇಜಿಗೆ ಎಂದು ಮೇಲೆ ಮೇಲೆ ಕಳಿಸುತ್ತಾ ಹೋಗುವಾಗ ಎರಡು ಗಂಟೆ ಮುಗಿದೇ ಹೋಗುತ್ತದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಅರ್ಧಕ್ಕೂ ಹೆಚ್ಚು ಕಲಬುರ್ಗಿ ವಿಭಾಗದವು. ಅಲ್ಲಿನ ತಾಯಂದಿರಿಗೆ ಈ ದೂರಗಳು ಹೊಸವಲ್ಲ.

ಎಲ್ಲಕ್ಕೂ ಹಿಂದೆ ಇರುವುದು ರಕ್ತಹೀನತೆ. 2019-21ರ ಸಮೀಕ್ಷೆಯಲ್ಲಿ ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ 45.7 ಮಂದಿಗೆ ರಕ್ತ ಕಡಿಮೆ. ನಾಲ್ಕೈದು ವರ್ಷ ಹಿಂದಿನ ಸಮೀಕ್ಷೆಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಹಿಮೋಗ್ಲೋಬಿನ್ 12 ಇರುವ ತಾಯಿ ಒಂದು ಲೀಟರು ರಕ್ತ ಕಳೆದುಕೊಂಡು ಸುಧಾರಿಸಿಕೊಂಡಾಳು. ಅದೇ ನಷ್ಟ 7 ಇರುವವಳನ್ನು ಕೊಲ್ಲಬಹುದು. ರಕ್ತಹೀನತೆ ಇದ್ದವರಿಗೆ ರಕ್ತಸ್ರಾವ ಆಗುವ ಸಂಭವವೂ ಹೆಚ್ಚು. ಹೀಗೆ ಹೆರಿಗೆ ಮೇಜಿನ ಮೇಲಿನ ಎರಡು ಗಂಟೆಯ ಫಲಿತಾಂಶದ ಅರ್ಧ, ಅದಕ್ಕೂ ಆರು ತಿಂಗಳ ಮುಂಚೆ ಅಡುಗೆಮನೆಯಲ್ಲಿ ತೀರ್ಮಾನವಾಗಿರುತ್ತದೆ.

ಕಬ್ಬಿಣದ ಗುಳಿಗೆ ಕೊಡುತ್ತಿಲ್ಲವೇ? ಕೊಡುತ್ತಾರೆ, 180 ದಿನಕ್ಕೆ. ನುಂಗುವುದು ಕಡಿಮೆ. ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಲಬದ್ಧತೆ, ಮಲ ಕಪ್ಪಾಗುತ್ತದೆ. ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಅತ್ತೆ ಹೆದರಿಸುತ್ತಾಳೆ. ಮಲ ಕಪ್ಪಾಗುವುದು ಸಹಜ, ಹೊಟ್ಟೆ ತೊಳಸಿದರೆ ರಾತ್ರಿ ಊಟವಾದ ಮೇಲೆ ನುಂಗಿ, ಟೀ ಜೊತೆ ಬೇಡ, ಕ್ಯಾಲ್ಸಿಯಂ ಗುಳಿಗೆಯನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳಿ, ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ ಎಂದು ಯಾರಾದರೂ ಐದು ನಿಮಿಷ ಕೂತು ಹೇಳಿದರೆ ಎಷ್ಟೋ ಮಂದಿ ನುಂಗುತ್ತಾರೆ. ಆ ಐದು ನಿಮಿಷವೇ ಸಿಗುವುದಿಲ್ಲ. ಬಸುರಿ ತಡವಾಗಿ ಬಂದರೆ, ಅಥವಾ ಗುಳಿಗೆ ಒಗ್ಗದಿದ್ದರೆ, ನಾಳದ ಮೂಲಕ ಕಬ್ಬಿಣ ಕೊಡುವ ಇಂಜೆಕ್ಷನ್ ಇದೆ, ಒಂದೆರಡು ಭೇಟಿಯಲ್ಲೇ ಮುಗಿಯುತ್ತದೆ. ಸುಗ್ಗಿ ಮುಗಿಯುತ್ತಲೇ ಬೆಂಗಳೂರಿಗೋ ಪುಣೆಗೋ ಗುಳೆ ಹೋಗುವ ಮನೆಗಳ ಬಸುರಿಯರಿಗೆ ಇದೇ ಸರಿಯಾದ ದಾರಿ. ಅವರ ತಾಯಿ ಕಾರ್ಡ್ ಒಂದು ಊರಿನದು, ಗುಡಿಸಲು ಇನ್ನೊಂದು ಊರಿನದು, ಚೊಚ್ಚಲ ಹೆರಿಗೆಯಾದರೆ ತವರು ಮೂರನೆಯದು. 180 ಗುಳಿಗೆ ಈ ಮೂರೂ ಊರುಗಳನ್ನು ದಾಟಿ ಮುಗಿಯುವುದಿಲ್ಲ. ಹದಿನೆಂಟು ತುಂಬುವ ಮುಂಚೆ ಮದುವೆಯಾದವರ ಪ್ರಮಾಣ ಅದೇ ಸಮೀಕ್ಷೆಯಲ್ಲಿ ನೂರಕ್ಕೆ 21.3. ತಾನೇ ಬೆಳೆಯುತ್ತಿರುವ ಹುಡುಗಿಯ ಮೈಯಿಂದ ಇನ್ನೊಂದು ಮೈ ಬೆಳೆಯಬೇಕಾದಾಗ ರಕ್ತ ಎಲ್ಲಿಂದ ಬಂದೀತು?

ಮಗುವಿನ ಪಾಡೂ ಇಲ್ಲಿಂದಲೇ ಹೊರಡುತ್ತದೆ. ರಕ್ತ ಕಡಿಮೆ ಇರುವ ತಾಯಿಗೆ ತೂಕ ಕಡಿಮೆ ಇರುವ ಮಗು ಹುಟ್ಟುವ ಸಂಭವ ಹೆಚ್ಚು. ಹುಟ್ಟುವಾಗಲೇ ಆ ಮಗುವಿನ ಮೈಯಲ್ಲಿ ಕಬ್ಬಿಣದ ಉಳಿತಾಯ ಕಡಿಮೆ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65.5 ಮಂದಿಗೆ ರಕ್ತಹೀನತೆ. ಮಗು ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿ ಕತ್ತರಿಸದೆ ಒಂದರಿಂದ ಮೂರು ನಿಮಿಷ ಬಿಟ್ಟರೆ, ಮಾಸಿನಲ್ಲಿರುವ ರಕ್ತ ಮಗುವಿಗೆ ಇಳಿದು ತಿಂಗಳುಗಟ್ಟಲೆ ಕೆಲಸಕ್ಕೆ ಬರುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಮನೆಗೆ ಹೋದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ತಾಯಿ-ಮಗುವನ್ನು ನೋಡಬೇಕು. ಇದರ ಬೇರು ಮಹಾರಾಷ್ಟ್ರದ ಗಡಚಿರೋಲಿಯಲ್ಲಿದೆ. ಅಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ 39 ಹಳ್ಳಿಗಳಲ್ಲಿ ಊರ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ನವಜಾತ ಶಿಶುಗಳ ಸಾವನ್ನು ಶೇಕಡಾ 62ರಷ್ಟು ಇಳಿಸಿದ್ದನ್ನು 1999ರಲ್ಲಿ ಲ್ಯಾನ್ಸೆಟ್ ಪ್ರಕಟಿಸಿತ್ತು. ಬೆಳಗಾವಿಯ ಎಎನ್‌ಎಂಗಳಾಗಲಿ, ಗಡಚಿರೋಲಿಯ ಆರೋಗ್ಯದೂತೆಯರಾಗಲಿ, ಹಳ್ಳಿಯಲ್ಲೇ ಇರುವ ಹೆಣ್ಣುಮಗಳ ಕೈಗೆ ಸರಿಯಾದ ಸಲಕರಣೆ, ಸರಿಯಾದ ತರಬೇತಿ ಕೊಟ್ಟಾಗಲೇ ಫಲ ಸಿಕ್ಕಿದೆ. ಅಂಥ ಆಶಾ ಕಾರ್ಯಕರ್ತೆಯರು ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಮಲಗಬೇಕಾಗಿ ಬಂದದ್ದು ನಮಗೆ ಶೋಭೆ ತರುವುದಿಲ್ಲ.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ರಾಜ್ಯ ಬೆಚ್ಚಿತು. ಅವರಿಗೆ ಕೊಟ್ಟ ಐವಿ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂತು, ಬಳಕೆ ನಿಂತಿತು, ವಿಚಾರಣೆ ನಡೆಯಿತು, ವಿಧಾನಸಭೆಯಲ್ಲಿ ಗದ್ದಲವಾಯಿತು. ತಪ್ಪು ಮಾಡಿದವರಿಗೆ ಶಿಕ್ಷೆ ಆಗಲೇಬೇಕು. ಆದರೆ ಒಂದೊಂದಾಗಿ, ಬೇರೆ ಬೇರೆ ತಾಲ್ಲೂಕುಗಳಲ್ಲಿ, ಸದ್ದಿಲ್ಲದೆ ಆಗುವ ನೂರಾರು ಸಾವುಗಳಿಗೆ ಆ ಗದ್ದಲ ಇರುವುದಿಲ್ಲ. ಅವುಗಳ ಬಗ್ಗೆ ಕೇರಳದಿಂದ ಕಲಿಯಬೇಕಾದದ್ದಿದೆ. ಅಲ್ಲಿನ ಪ್ರಸೂತಿ ತಜ್ಞರ ಸಂಘ 2004ರಿಂದ ಪ್ರತಿ ತಾಯಿಯ ಸಾವನ್ನೂ ಹೆಸರು ತೆಗೆದು, ಯಾರ ಮೇಲೂ ಬೆರಳು ತೋರದೆ, ಏನು ತಪ್ಪಿತು ಎಂದು ತಜ್ಞರೇ ಕೂತು ಪರಿಶೀಲಿಸುವ ಪದ್ಧತಿ ನಡೆಸಿಕೊಂಡು ಬಂದಿದೆ. ಅಲ್ಲಿ ಕೂಡ ರಕ್ತಸ್ರಾವವೇ ಮುಖ್ಯ ಕಾರಣ ಎಂದು ಕಂಡಿತು, ಅದರಿಂದಲೇ ರಕ್ತಸ್ರಾವ ನಿಭಾಯಿಸುವ ಗುಣಮಟ್ಟದ ನಿಯಮಗಳು ಹುಟ್ಟಿದವು. ನಮ್ಮಲ್ಲೂ ಸಾವಿನ ಪರಿಶೀಲನೆ ಇದೆ. ಸಸ್ಪೆಂಡ್ ಆಗುವ ಭಯ ಇರುವ ಕಡೆ ಕಾಗದದ ಮೇಲೆ ನಿಜ ಬರುವುದಿಲ್ಲ. ನರ್ಸ್ ನಿಜ ಹೇಳಿದರೆ ಆಕೆಯ ಕೆಲಸಕ್ಕೆ ಕುತ್ತಿಲ್ಲ ಎಂಬ ಭರವಸೆ ಮೊದಲು ಸಿಗಬೇಕು.

ಆರೋಗ್ಯ ಇಲಾಖೆ ಈ ವರ್ಷ ಒಂದೇ ಒಂದು ಕೆಲಸ ಮಾಡಲಿ ಎಂದು ಕೇಳುವುದಾದರೆ, ಹೆರಿಗೆ ಆಗುವ ಪ್ರತಿ ಸರ್ಕಾರಿ ಕೋಣೆಯಲ್ಲೂ ಪ್ರತಿ ತಾಯಿಯ ಕೆಳಗೂ ಆ ಅಳತೆಯ ಹಾಳೆ ಹಾಸಲಿ, ಗೀರು ದಾಟಿದರೆ ಬೇಕಾಗುವ ಔಷಧಿಗಳನ್ನು ಒಂದೇ ಡಬ್ಬಿಯಲ್ಲಿ ಮೇಜಿನ ಪಕ್ಕ ಇಡಲಿ, ಅದನ್ನು ಬಳಸುವ ಅಧಿಕಾರವನ್ನು ನರ್ಸ್‌ಗೆ ಬರವಣಿಗೆಯಲ್ಲಿ ಕೊಡಲಿ ಎಂದು ಕೇಳುತ್ತೇನೆ. ಹೊಸ ಕಟ್ಟಡ, ಹೊಸ ಯೋಜನೆಯ ಹೆಸರು ಇದಕ್ಕೆ ಬೇಕಿಲ್ಲ.

ಓದುಗರಲ್ಲಿ ಕೇಳುವುದೂ ಇದೆ. ನಿಮ್ಮ ಮನೆಯಲ್ಲಿ, ಮನೆಗೆಲಸಕ್ಕೆ ಬರುವವರ ಮನೆಯಲ್ಲಿ, ಪಕ್ಕದ ಕಟ್ಟಡದ ಶೆಡ್‌ನಲ್ಲಿ ಗರ್ಭಿಣಿ ಇದ್ದರೆ ಅವಳ ಹಿಮೋಗ್ಲೋಬಿನ್ ಎಷ್ಟು ಎಂದು ಈಗಲೇ ವಿಚಾರಿಸಿ. 7ಕ್ಕಿಂತ ಕಡಿಮೆ ಇದ್ದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಕಳಿಸಿ. ಎಂಟನೇ ತಿಂಗಳಲ್ಲೇ ಅವಳ ರಕ್ತದ ಗುಂಪು ತಿಳಿದುಕೊಂಡು, ರಕ್ತ ಕೊಡಲು ಒಪ್ಪುವ ಇಬ್ಬರ ಫೋನ್ ನಂಬರನ್ನು ತಾಯಿ ಕಾರ್ಡಿನ ಹಿಂದೆ ಬರೆದಿಡಿ. ಹೆರಿಗೆಯಾದ ಮೇಲೆ ಮಗುವಿನ ಸುತ್ತ ಸೇರುವವರಲ್ಲಿ ಒಬ್ಬರು ಎರಡು ಗಂಟೆ ತಾಯಿಯ ಪಕ್ಕದಲ್ಲೇ ಇರಿ. ಬಟ್ಟೆ ನೆನೆಯುತ್ತಲೇ ಇದ್ದರೆ, ಅವಳು ತಲೆ ಸುತ್ತುತ್ತಿದೆ, ಚಳಿಯಾಗುತ್ತಿದೆ, ಬಾಯಿ ಒಣಗುತ್ತಿದೆ ಎಂದರೆ, ಸುಸ್ತಾಗಿದ್ದಾಳೆ ಬಿಡು ಎನ್ನಬೇಡಿ. ಕೂಡಲೇ ಸಿಸ್ಟರನ್ನು ಕೂಗಿ.